ಕರ್ತೃವಿನ ಅರಿವು ಮತ್ತು ಬಿಗಿದುಕೊಂಡ ಚಿಲಕ

ಒಂದು ವಸ್ತುವನ್ನು ಮಾಡಿದವನಿಗೆ ಆ ವಸ್ತು ಪೂರ್ತಿಯಾಗಿ ತಿಳಿದಿರುತ್ತದೆಯೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಸರಳವಾಗಿ ಕಂಡರೂ, ಜಗತ್ತಿಗೆ ಒಬ್ಬ ಸರ್ವಜ್ಞ ಕರ್ತೃವಿದ್ದಾನೆಂದು ಯುಕ್ತಿಬಲದಿಂದ ಸಾಧಿಸಹೊರಟ ವಾದಗಳ ಭಾರವೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ನ್ಯಾಯದರ್ಶನ ಕರ್ತೃವಿಗೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಉಪಾದಾನದ, ಅಂದರೆ ವಸ್ತು ಯಾವುದರಿಂದ ಆಗುತ್ತದೆಯೋ ಆ ಮೂಲದ್ರವ್ಯದ, ನೇರವಾದ ಅರಿವು, ಮಾಡಬೇಕೆಂಬ ಇಚ್ಛೆಯಾದ ಚಿಕೀರ್ಷೆ, ಮಾಡುವ ಪ್ರಯತ್ನವಾದ ಕೃತಿ. ಕುಂಬಾರನಲ್ಲಿ ಈ ಮೂರೂ ಇರುವುದರಿಂದ ಅವನು ಮಡಕೆಯ ಕರ್ತೃ. ಭೂಮಿ, ಬೆಟ್ಟಗಳೂ ಮಡಕೆಯಂತೆಯೇ ಉಂಟಾದ ಕಾರ್ಯಗಳಾದುದರಿಂದ, ಅವುಗಳ ಪರಮಾಣುಗಳನ್ನೆಲ್ಲ ನೇರವಾಗಿ ಅರಿತ ಕರ್ತೃವೊಬ್ಬನು ಇರಲೇಬೇಕು ಎಂಬುದು ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಮಂಡಿಸಿದ ಅನುಮಾನಗಳಲ್ಲಿ ಮೊದಲನೆಯದು. ಶತಮಾನಗಳ ಬಳಿಕ, 1710ರಲ್ಲಿ, ಇಟಲಿಯ ನೇಪಲ್ಸ್ ನಗರದ ಜಂಬಾಟಿಸ್ಟಾ ವೀಕೋ ಬೇರೊಂದು ದಾರಿಯಿಂದ ಇದೇ ನೆಲಕ್ಕೆ ಬಂದನು. ಅವನ ಪ್ರಕಾರ ಮಾಡುವುದೂ ಸತ್ಯವನ್ನು ಅರಿಯುವುದೂ ಒಂದೇ. ಪ್ರಕೃತಿಯನ್ನು ಮಾಡಿದ ದೇವರಿಗೆ ಅದರ ಒಳಗೂ ತಿಳಿದಿದೆ, ಮನುಷ್ಯನಿಗೆ ದಕ್ಕುವುದು ಅದರ ಹೊರಮೈ ಮಾತ್ರ.

ಈ ಎರಡೂ ಮತಗಳನ್ನು ಪರೀಕ್ಷಿಸಲು ಮಡಕೆಗಿಂತ ಕಿಟ್ ಕಾರು ಹೆಚ್ಚು ತಕ್ಕ ನಿದರ್ಶನ. ಕಿಟ್ ಕಾರು ಎಂದರೆ ಕಾರ್ಖಾನೆಯಿಂದ ಸಿದ್ಧವಾಗಿ ಬಾರದೆ, ಬಿಡಿಭಾಗಗಳಾಗಿ ಬಂದು, ಕೊಂಡವನ ಕೈಯಿಂದಲೇ ಜೋಡಣೆಗೊಳ್ಳುವ ವಾಹನ. ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಈ ಪರಂಪರೆಯ ಹೆಸರಾಂತ ವಾಹನ. ಪೂರ್ಣ ಕಾರಿನ ಮೇಲೆ ಬೀಳುತ್ತಿದ್ದ ಖರೀದಿ ತೆರಿಗೆ ಬಿಡಿಭಾಗಗಳ ಮೇಲೆ ಬೀಳುತ್ತಿರಲಿಲ್ಲವಾಗಿ, 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬರುವವರೆಗೂ ಈ ಪದ್ಧತಿ ಅಲ್ಲಿ ಹುಲುಸಾಗಿ ಬೆಳೆಯಿತು. ಜೋಡಿಸುವ ಕ್ರಮವನ್ನು ಬರೆದುಕೊಡಲು ತೆರಿಗೆಯ ನಿಯಮ ಅಡ್ಡಬರುತ್ತಿದ್ದುದರಿಂದ ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಅದನ್ನೇ ಹಿಂದುಮುಂದಾಗಿ ಅನುಸರಿಸುವಂತೆ ಮಾಡಲಾಗುತ್ತಿತ್ತೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಇಂಥ ಕಾರುಗಳಲ್ಲಿ ಹಲವಕ್ಕೆ ಮೈ ಫೈಬರ್‌ಗ್ಲಾಸಿನದು. ಎಂಜಿನ್, ಚಕ್ರದ ಜೋಡಣೆ, ಬಾಗಿಲ ಚಿಲಕ ಮುಂತಾದವು ಬೇರೆ ಯಾವುದೋ ಕಾರಿನಿಂದ ಕಳಚಿ ತಂದವು. ಕಟ್ಟಿದವನು ಉಕ್ಕನ್ನು ಕರಗಿಸಿದವನಲ್ಲ, ಚಿಲಕವನ್ನು ರೂಪಿಸಿದವನೂ ಅಲ್ಲ. ಅವನು ಮಾಡಿದ್ದು ಜೋಡಣೆಯೊಂದನ್ನೇ. ಅಷ್ಟು ಮಾತ್ರ ಸಂಪೂರ್ಣವಾಗಿ ಅವನದು.

ಆ ಚಿಲಕ ಒಂದು ದಿನ ಬಿಗಿದುಕೊಳ್ಳುತ್ತದೆ. ಹಿಡಿಯನ್ನು ಎಳೆದರೂ ಬಾಗಿಲು ತೆರೆಯುವುದಿಲ್ಲ. ಏನು ನಡೆದಿದೆ ಎಂಬುದನ್ನು ಅರಿಯಲು ಅದರ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಾಗಿಲ ಅಂಚಿನಲ್ಲಿ ತಿರುಗುವ ಉಕ್ಕಿನ ಕೊಕ್ಕೆಯೊಂದಿದ್ದು, ಬಾಗಿಲು ಮುಚ್ಚಿದಾಗ ಅದು ಚೌಕಟ್ಟಿನ ಗೂಟವನ್ನು ಕಚ್ಚಿಕೊಂಡು ತಿರುಗುತ್ತದೆ. ತಿರುಗಿದ ಕೊಕ್ಕೆ ಹಿಂದಕ್ಕೆ ಹೋಗದಂತೆ ಒಂದು ಪುಟ್ಟ ತಡೆನಾಲಗೆ ಅದರ ಕಚ್ಚಿನೊಳಗೆ ಬಿದ್ದು ಕೂರುತ್ತದೆ. ಹಿಡಿಯನ್ನು ಎಳೆದಾಗ ಸಲಾಕೆಯೋ ಕೇಬಲ್ಲೋ ಆ ನಾಲಗೆಯನ್ನು ಎತ್ತುತ್ತದೆ, ಸ್ಪ್ರಿಂಗ್ ಕೊಕ್ಕೆಯನ್ನು ಹಿಂದಕ್ಕೆ ತಿರುಗಿಸುತ್ತದೆ, ಗೂಟ ಬಿಡುಗಡೆಯಾಗುತ್ತದೆ. ಹಳೆಯ ಗ್ರೀಸು ಗಟ್ಟಿಯಾಗಿರುವುದು, ತುಕ್ಕು ಹಿಡಿದಿರುವುದು, ಸಲಾಕೆಯ ಕ್ಲಿಪ್ಪು ಕಳಚಿರುವುದು ಸಾಮಾನ್ಯ ಕಾರಣಗಳು; ಅವುಗಳಿಗೆ ಪರಿಹಾರವೂ ಸಾಮಾನ್ಯ. ಆದರೆ ಬಲ್ಲವರು ಮೊದಲು ಮಾಡುವ ಕೆಲಸ ಬೇರೆ: ಒಂದು ಕೈಯಿಂದ ಹಿಡಿಯನ್ನು ಎಳೆಯುತ್ತಲೇ ಇನ್ನೊಂದು ಅಂಗೈಯನ್ನು ಚಿಲಕವಿರುವ ಕಡೆಗೇ ಊರಿ ಬಾಗಿಲನ್ನು ಒಳಕ್ಕೆ ಒತ್ತುತ್ತಾರೆ. ತೆರೆಯಬೇಕಾದ ಬಾಗಿಲನ್ನು ಇನ್ನಷ್ಟು ಮುಚ್ಚುವುದು ವಿಪರೀತವೆನಿಸಿದರೂ, ಹಾಗೆ ಒತ್ತಿದಾಗ ಗೂಟದ ಸೆಳೆತ ಕೊಕ್ಕೆಯ ಮೇಲೆ ತಗ್ಗಿ, ಕಚ್ಚಿನಲ್ಲಿ ಹಿಸುಕಿಕೊಂಡಿದ್ದ ನಾಲಗೆ ಸಡಿಲವಾಗಿ, ಬಾಗಿಲು ತೆರೆದುಕೊಳ್ಳುವುದುಂಟು.

ಹಾಗೆ ತೆರೆದ ಬಾಗಿಲಿನಿಂದ ಚಿಲಕವನ್ನು ಕಳಚಿ, ತೊಳೆದು, ಎಣ್ಣೆ ಬಿಟ್ಟು, ತಿರುಪುಳಿಯಿಂದ ಕೊಕ್ಕೆಯನ್ನು ತಿರುಗಿಸಿ ನೋಡಿದರೆ ಅದು ಸಲೀಸಾಗಿ ಕೆಲಸ ಮಾಡುತ್ತದೆ. ಮತ್ತೆ ಕೂರಿಸಿ ಬಾಗಿಲು ಮುಚ್ಚಿದರೆ ಮತ್ತೆ ಬಿಗಿಯುತ್ತದೆ. ಬಾಗಿಲ ಸುತ್ತ ಅಂಟಿಸಿದ ರಬ್ಬರ್ ಪಟ್ಟಿ ಬೇಕಾದ್ದಕ್ಕಿಂತ ದಪ್ಪವಾಗಿ ಬಾಗಿಲನ್ನು ಸದಾ ಹೊರಕ್ಕೆ ತಳ್ಳುತ್ತಿರಬಹುದು. ಉಕ್ಕಿನ ಬಾಗಿಲಿಗೆಂದು ರೂಪುಗೊಂಡ ಚಿಲಕ ಅಷ್ಟು ಬಿಗುವಿಲ್ಲದ ಫೈಬರ್‌ಗ್ಲಾಸಿನಲ್ಲಿ ಕುಳಿತಿದ್ದು, ಬಾಗಿಲು ಜಗ್ಗಿ ಗೂಟಕ್ಕೂ ಕೊಕ್ಕೆಗೂ ನೇರ ತಪ್ಪಿರಬಹುದು. ರಬ್ಬರಿನಲ್ಲಿ ದೋಷವಿಲ್ಲ, ಚಿಲಕದಲ್ಲಿ ದೋಷವಿಲ್ಲ, ಬಾಗಿಲಲ್ಲೂ ಇಲ್ಲ. ದೋಷವಿರುವುದು ಅವು ಕೂಡಿದ ಬಗೆಯಲ್ಲಿ. ನೈಯಾಯಿಕರು ಬಟ್ಟೆಗೆ ನೂಲು ಸಮವಾಯಿಕಾರಣವೆಂದೂ, ಅಂದರೆ ಕಾರ್ಯವು ಯಾವುದರಲ್ಲಿ ನೆಲೆಸಿರುತ್ತದೆಯೋ ಆ ಕಾರಣವೆಂದೂ, ನೂಲುಗಳ ಪರಸ್ಪರ ಸಂಯೋಗ ಅಸಮವಾಯಿಕಾರಣವೆಂಬ ಬೇರೆಯೇ ಕಾರಣವೆಂದೂ ಎಣಿಸಿದ್ದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಸಂಯೋಗಕ್ಕೆ ತನ್ನದೇ ಆದ ಕಾರಣತ್ವವಿದೆ. ಬಿಡಿಭಾಗಗಳನ್ನು ಒಂದೊಂದಾಗಿ ಎಷ್ಟು ಪರೀಕ್ಷಿಸಿದರೂ ಅದು ಕೈಗೆ ಸಿಗುವುದಿಲ್ಲ.

ವೀಕೋವಿನ ಮತಕ್ಕೆ ನಿಜವಾದ ತೊಡಕು ಒದಗುವುದು ಇಲ್ಲಿಯೇ. ಕಟ್ಟಿದವನಿಗೆ ಚಿಲಕದ ಒಳಗು ತಿಳಿಯದೆಹೋದರೆ ಅದು ಸಹಜ, ಏಕೆಂದರೆ ಅದನ್ನು ಅವನು ಮಾಡಲಿಲ್ಲ. ಆದರೆ ಸಂಯೋಗವನ್ನು ಮಾಡಿದವನು ಅವನೇ; ರಬ್ಬರನ್ನು ಆರಿಸಿದವನು, ಗೂಟಕ್ಕೆ ರಂಧ್ರ ಕೊರೆದವನು ಅವನೇ. ತಾನು ಮಾಡಿದ ಅದೊಂದೇ ಅಂಶ ಅವನಿಗೆ ತಿಳಿದಿರಲಿಲ್ಲ, ಮತ್ತು ಅದು ತಿಳಿದದ್ದು ಮಾಡುವಾಗ ಅಲ್ಲ, ದುರಸ್ತಿ ಮಾಡುವಾಗ. ಮಾಡುವವನ ದೃಷ್ಟಿ ಫಲದ ಮೇಲಿರುವುದರಿಂದ, ಬಾಗಿಲು ಮುಚ್ಚಿಕೊಂಡರೆ ಅವನ ಕೆಲಸ ಮುಗಿಯಿತು. ಫಲ ತಪ್ಪಿದಾಗ ಮಾತ್ರ ದೃಷ್ಟಿ ಕಾರಣದ ಕಡೆಗೆ ಹೊರಳುತ್ತದೆ. ನೈಯಾಯಿಕನಾದರೋ, ಕಟ್ಟಿದವನು ತಾನು ಅರಿತಷ್ಟಕ್ಕೇ ಕರ್ತೃ, ಉಳಿದದ್ದಕ್ಕೆ ಅವನು ಕರ್ತೃವಲ್ಲ ಎಂದು ಉತ್ತರಿಸಬಹುದು. ಆದರೆ ಆ ಉತ್ತರದ ಬೆಲೆ ದುಬಾರಿ: ಲೋಕದಲ್ಲಿ ಕಾಣಸಿಗುವ ಕರ್ತೃಗಳೆಲ್ಲ ತಮ್ಮ ಕಾರ್ಯವನ್ನು ಅರೆಬರೆ ಅರಿತವರೇ ಎಂದಾದರೆ, ಕಾರ್ಯವನ್ನು ನೋಡಿ ಪೂರ್ಣ ಅರಿವುಳ್ಳ ಕರ್ತೃವನ್ನು ಊಹಿಸಲು ಬೇಕಾದ ವ್ಯಾಪ್ತಿ, ಅಂದರೆ ತಪ್ಪದ ಸಾಹಚರ್ಯ, ಸಿಗುವುದಿಲ್ಲ.

ಈ ಅನುಮಾನವನ್ನು ಒಪ್ಪದವರಲ್ಲಿ ಪರಮ ಆಸ್ತಿಕರೂ ಇದ್ದಾರೆ ಎಂಬುದನ್ನು ಮರೆಯಬಾರದು. ದೀರ್ಘಕಾಲ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ, ಬ್ರಹ್ಮಕ್ಕೆ ಶಾಸ್ತ್ರವೇ ಪ್ರಮಾಣವೆಂದು ಹೇಳುವ ಸೂತ್ರದ ಸಂದರ್ಭದಲ್ಲಿ, ರಥ ಗೋಪುರಗಳಂಥ ದೊಡ್ಡ ಕಾರ್ಯಗಳನ್ನು ಹಲವರು ಕೂಡಿ ಮಾಡುವುದು ಕಾಣುತ್ತಿರುವಾಗ ಜಗತ್ತಿಗೆ ಒಬ್ಬನೇ ಕರ್ತೃವೆಂದು ಅನುಮಾನದಿಂದ ಸಿದ್ಧವಾಗದು ಎಂಬ ಆಕ್ಷೇಪವನ್ನು ಎತ್ತುತ್ತಾರೆ. 1779ರಲ್ಲಿ ಪ್ರಕಟವಾದ ಡೇವಿಡ್ ಹ್ಯೂಮನ ಸಂವಾದ ಗ್ರಂಥದಲ್ಲಿಯೂ ಮನೆ, ಹಡಗುಗಳ ನಿದರ್ಶನದಿಂದ ಇದೇ ಮಾತು ಬರುತ್ತದೆ. ಹ್ಯೂಮನಿಗೆ ಅದು ಸಂದೇಹದ ದಾರಿ. ರಾಮಾನುಜರಿಗೆ ಅದು ಶ್ರುತಿಯ ಕಡೆಗೆ ಮರಳುವ ದಾರಿ. ಒಂದೇ ಯುಕ್ತಿ ಇಬ್ಬರನ್ನು ಇಷ್ಟು ದೂರದ ಎರಡು ನೆಲೆಗಳಿಗೆ ಒಯ್ಯಬಲ್ಲದೆಂಬುದು, ಶ್ರದ್ಧೆಯನ್ನು ಒಂದು ಅನುಮಾನದ ಮೇಲೆ ಮಾತ್ರ ಕಟ್ಟುವವರು ಗಮನಿಸಬೇಕಾದ ಸಂಗತಿ.

ಹಾಗಿದ್ದರೂ ದುರಸ್ತಿಯ ನಿದರ್ಶನ ನಾಸ್ತಿಕ್ಯದ ಕಡೆಗೇ ವಾಲುತ್ತದೆ ಎನ್ನುವುದು ಸರಿಯಲ್ಲ. ಉದಯನರ ಪಟ್ಟಿಯಲ್ಲಿಯೇ ಕಾರ್ಯವೆಂಬ ಹೇತುವಿನ ಬಳಿಕ ಪರಮಾಣುಗಳನ್ನು ಕೂಡಿಸುವ ಆಯೋಜನವೂ, ಅದರ ಬಳಿಕ ಜಗತ್ತನ್ನು ಬೀಳದಂತೆ ಹಿಡಿದಿಡುವ ಧೃತಿಯೂ ಬೇರೆಬೇರೆಯಾಗಿ ಬರುತ್ತವೆ. ಮಾಧ್ವ ಸಿದ್ಧಾಂತ ಇನ್ನೂ ಮುಂದೆ ಹೋಗಿ, ವಿಷ್ಣುವಿನ ಎಂಟು ವ್ಯಾಪಾರಗಳನ್ನು ಎಣಿಸುವಾಗ ಸೃಷ್ಟಿಯಿಂದ ಸ್ಥಿತಿಯನ್ನೂ, ಸ್ಥಿತಿಯಿಂದ ನಿಯಮನವನ್ನೂ ಪ್ರತ್ಯೇಕಿಸುತ್ತದೆ. ಆ ಮತದಲ್ಲಿ ಪ್ರಕೃತಿ ಅನಾದಿಯಾದುದು, ಈಶ್ವರನು ನಿಮಿತ್ತಕಾರಣ ಮಾತ್ರ, ಅಂದರೆ ಮಡಕೆಗೆ ಕುಂಬಾರನಂತೆ ಮಾಡುವವನೇ ಹೊರತು ಮೂಲದ್ರವ್ಯವಲ್ಲ. ಆದರೂ ಆ ಪ್ರಕೃತಿಯ ಇರವು, ನಡೆ, ಸ್ವಭಾವಗಳು ಕ್ಷಣಕ್ಷಣವೂ ಅವನ ಅಧೀನ. ಒಮ್ಮೆ ಜೋಡಿಸಿ ಕೈಬಿಟ್ಟವನಿಗಿಂತ ಪ್ರತಿ ಕ್ಷಣವೂ ಜೊತೆಯಲ್ಲಿದ್ದು ನಡೆಸುವವನಿಗೆ ಸಂಯೋಗಗಳ ಅರಿವು ಹೆಚ್ಚು ಆಳವಾಗಿರಬೇಕೆಂಬ ಒಳನೋಟ ಈ ವಿಂಗಡಣೆಯಲ್ಲಿದೆ. ಸರ್ವಜ್ಞತ್ವವನ್ನು ಸೃಷ್ಟಿಕರ್ತೃತ್ವದಿಂದ ಊಹಿಸುವುದಕ್ಕಿಂತ ನಿಯಮನದ ಮೂಲಕ ಅರ್ಥಮಾಡಿಕೊಳ್ಳುವುದು ಹೆಚ್ಚು ಸುಸಂಗತ.

ನಿದರ್ಶನದ ಮಿತಿಯೂ ಇಲ್ಲಿಯೇ ಇದೆ. ದುರಸ್ತಿ ಮಾಡುವವನಿಗೆ ಅರಿವು ಬರುವುದು ವಸ್ತು ಎದುರುಬಿದ್ದಾಗ. ನಾಲಗೆ ಎದ್ದೇಳದೆ ನಿಂತದ್ದರಿಂದಲೇ ರಬ್ಬರಿನ ದಪ್ಪ ಅವನ ಗಮನಕ್ಕೆ ಬಂದಿತು. ಮಾಧ್ವರ ಈಶ್ವರನಾದರೋ ಸತ್ಯಸಂಕಲ್ಪ, ಅಂದರೆ ಇಚ್ಛೆ ಎಂದೂ ಹುಸಿಯಾಗದವನು. ಅವನಿಗೆ ಎದುರುಬೀಳುವ ವಸ್ತುವೇ ಇಲ್ಲ. ತಡೆಯಿಂದ ಹುಟ್ಟದ, ಸೋಲಿನ ಮೂಲಕ ಹಾದುಬರದ ನಿಯಾಮಕನ ಅರಿವು ಮನುಷ್ಯನ ಯಾವ ಅರಿವಿಗೆ ಸಮೀಪ ಎಂಬ ಪ್ರಶ್ನೆಗೆ ಮಡಕೆಯಿಂದಲೂ ಉತ್ತರವಿಲ್ಲ, ಚಿಲಕದಿಂದಲೂ ಇಲ್ಲ. ಆ ಸಿದ್ಧಾಂತ ಅದನ್ನು ಸಾಕ್ಷಿ, ಅಂದರೆ ಆತ್ಮದ ಸ್ವರೂಪವೇ ಆದ ಅರಿಯುವ ಇಂದ್ರಿಯ, ಮತ್ತು ಸ್ವರೂಪಜ್ಞಾನ, ಅಂದರೆ ಆತ್ಮದ ಸ್ವರೂಪವೇ ಆದ ಅರಿವು, ಇವುಗಳ ವಿಚಾರಕ್ಕೆ ಒಯ್ದು ಅಲ್ಲಿ ಚರ್ಚಿಸುತ್ತದೆ.