ಎದೆಬಡಿತ ಯಾರ ಲೆಕ್ಕಕ್ಕೆ?

ಮನುಷ್ಯನ ಒತ್ತಡವನ್ನು ಅಳೆಯುವ ಕೈಗಡಿಯಾರಗಳು ಬಂದಿವೆ. ಒಳಗೆ ಮಾಟಮಂತ್ರ ಏನೂ ಇಲ್ಲ. ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತದ ಏರಿಳಿತಕ್ಕೆ ತಕ್ಕಂತೆ ಹಿಂತಿರುಗುವ ಬೆಳಕಿನಿಂದ ನಾಡಿ ಎಣಿಸುತ್ತವೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ನೋಡುತ್ತವೆ. ಕೆಲವು ಬೆವರನ್ನೂ ನೋಡುತ್ತವೆ. ಬೆವೆತ ಚರ್ಮದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಇಷ್ಟನ್ನು ಕೂಡಿಸಿ ಒಂದು ಅಂಕಿ ಕೊಟ್ಟು, 'ನಿಧಾನವಾಗಿ ಉಸಿರಾಡಿ' ಅನ್ನುತ್ತವೆ.

ಇಲ್ಲೇ ನಮ್ಮ ತಕರಾರು. ಎದೆ ಯಾಕೆ ಬಡ್ಕೊಳ್ತಿದೆ ಅಂತ ಯಂತ್ರಕ್ಕೆ ಗೊತ್ತಿಲ್ಲ. ಮೆಟ್ಟಿಲು ಹತ್ತಿದರೂ, ಜ್ವರ ಬಂದರೂ, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತರೂ, ಹೋಟೆಲಿನಲ್ಲಿ ನಮಗೆಂದೇ ಬೇರೆ ಲೋಟ ಇಟ್ಟರೂ ನಾಡಿ ಏರುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ. ಕಾರಣ ಊರಿನಲ್ಲಿದೆ, ಮದ್ದು ಮಾತ್ರ ನಮ್ಮ ಮೂಗಿನೊಳಗೆ!

ಲಕ್ಕವಳ್ಳಿಯ ಭದ್ರಾ ಅಣೆಕಟ್ಟನ್ನು ನೋಡಿ. ಅಲ್ಲೂ ದಿನಾ ಒಂದು ಅಂಕಿ ಬರೆಯುತ್ತಾರೆ. ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ನೀರು ಆ ಗುರುತಿಗೆ ಬಂದರೆ 'ಸಮಾಧಾನ ಮಾಡ್ಕೋ' ಅಂತ ಯಾರೂ ನೀರಿಗೆ ಬುದ್ಧಿ ಹೇಳೋದಿಲ್ಲ. ಗೇಟು ತೆಗೀತಾರೆ. ನೀರು ಇಳಿದರೆ ಯಾವ ನಾಲೆಗೆ ಎಷ್ಟು ದಿನ ಅಂತ ಸಭೆ ಕೂರುತ್ತದೆ, ರೈತರು ಜಗಳ ಕಾಯ್ತಾರೆ. ಅಲ್ಲಿ ಅಂಕಿ ಹೊಣೆ ಕೇಳುತ್ತದೆ. ಮನುಷ್ಯನ ಎದೆಗೆ ಯಾಕೆ ಈ ನ್ಯಾಯ ಇಲ್ಲ?

ಅಂಕಿ ಯಾರ ಕೈಗೆ ಹೋಗುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಚಂಡೀಗಢದಲ್ಲಿ ಸಫಾಯಿ ಕಾರ್ಮಿಕರು ಎಲ್ಲಿದ್ದಾರೆಂದು ತೋರಿಸುವ ಗಡಿಯಾರವನ್ನು ಅವರ ಕೈಗೆ ಕಟ್ಟಿದರು. 2020ರಲ್ಲಿ ಅವರು ಅದರ ವಿರುದ್ಧ ಬೀದಿಗಿಳಿದರು. ಕೆಲಸದವರು ಎಲ್ಲಿ ನಿಂತರು ಅಂತ ನೋಡುವ ಗಡಿಯಾರ, ಅವರ ಕೈಗೆ ಗವಸು ಇದೆಯೇ ಅಂತ ನೋಡುವುದಿಲ್ಲ. ನಾಳೆ ಅದೇ ಕೈಯ ನಾಡಿಯನ್ನೂ ಧಣಿ ಓದತೊಡಗಿದರೆ? ದಣಿದವರನ್ನು ಕೂರಿಸ್ತಾರೋ, 'ನಿನ್ನ ಕೈಲಾಗಲ್ಲ' ಅಂತ ಮನೆಗೆ ಕಳಿಸ್ತಾರೋ?

ಎಲ್ಲ ಒತ್ತಡವೂ ರೋಗವಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರೆತ್ತಿದವರ ಎದೆ ನಿಧಾನವಾಗಿ ಬಡಿದಿರಲಿಕ್ಕಿಲ್ಲ. ಅವರ ಕೈಗೆ ಈ ಗಡಿಯಾರ ಕಟ್ಟಿದ್ದರೆ, ದಡದಲ್ಲಿ ಕೂತು ಸುಧಾರಿಸಿಕೊಳ್ಳಿ ಅನ್ನುತ್ತಿತ್ತು. ಅನ್ಯಾಯದ ಎದುರು ನಾಡಿ ಏರದಿದ್ದರೆ ಅದೇ ಕಾಯಿಲೆ.

ಹಾಗಂತ ಯಂತ್ರ ಒಡೆಯಿರಿ ಅಂತ ನಾವು ಹೇಳುತ್ತಿಲ್ಲ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ ಕಾಯ್ದೆ 2013ರಲ್ಲಿ ಬಂದ ಮೇಲೂ ಮ್ಯಾನ್‌ಹೋಲುಗಳಲ್ಲಿ ಜನ ಸಾಯುತ್ತಿದ್ದಾರೆ. ಅಲ್ಲಿಗೆ ಇಳಿಯುವವರ, ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸರ ಎದೆ ಏನಾಗಿದೆ ಅಂತ ಲೋಕಕ್ಕೆ ಗೊತ್ತಾಗಲಿ. ಆದರೆ ಆ ಅಂಕಿ ಮೊದಲು ದುಡಿಯುವವರ ಕೈಯಲ್ಲಿರಲಿ. ಅದನ್ನು ಹಿಡಿದು ಅವರು ಕೂಲಿ, ವಿಶ್ರಾಂತಿ, ಮರ್ಯಾದೆ ಕೇಳುವಂತಾಗಲಿ. ಮಟ್ಟ ಅಳೆದವರು ಗೇಟನ್ನೂ ತೆಗೆಯಬೇಕು.