ಗಂಧದ ಕೊರಡು ಮತ್ತು ಅಲ್ಯೂಮಿನಿಯಂ ಪುಲ್ಲಿ

ಸವೆಯುವುದನ್ನು ಕನ್ನಡ ಬಹಳ ಗೌರವದಿಂದ ಕಾಣುತ್ತದೆ. ಹಿರಿಯರೊಬ್ಬರು ತೀರಿಕೊಂಡರೆ ನುಡಿನಮನದ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು, ‘ಅವರು ಗಂಧದ ಕೊರಡಿನಂತೆ ಜೀವ ತೇದವರು’ ಎನ್ನುತ್ತಾರೆ. ಅಮ್ಮಂದಿರ ಬಗ್ಗೆ, ಮೇಷ್ಟ್ರುಗಳ ಬಗ್ಗೆ, ಊರಿನ ಸಹಕಾರ ಸಂಘವನ್ನು 30 ವರ್ಷ ನಡೆಸಿದವರ ಬಗ್ಗೆ ಇದೇ ಮಾತು. ಕೊರಡು ಸವೆಯುತ್ತದೆ, ಪರಿಮಳ ಇನ್ನೊಬ್ಬರ ಹಣೆಗೆ ಹೋಗುತ್ತದೆ. ಈ ಹೋಲಿಕೆಯ ಬಗ್ಗೆ ನನಗೊಂದು ತಕರಾರಿದೆ. ಅದು ಹುಟ್ಟಿದ್ದು ಕಾರಿನ ಎಂಜಿನ್ನಿನ ಒಂದು ಬಿಡಿಭಾಗವನ್ನು ನೋಡುತ್ತ. ಹಾಗಾಗಿ ಓದುಗರು ಸ್ವಲ್ಪ ಹೊತ್ತು ಗ್ರೀಸಿನ ವಾಸನೆ ಸಹಿಸಿಕೊಳ್ಳಬೇಕು.

ಎಂಜಿನ್ನಿಗೆ ಉಸಿರಾಟವಿದೆ. ವಾಲ್ವ್‌ಗಳು ತೆರೆದಾಗ ಗಾಳಿ ಒಳಗೆ ಬರುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಅವು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಈ ತಾಳ ತಪ್ಪದಂತೆ ಇಬ್ಬರನ್ನೂ ಕಟ್ಟಿಹಾಕುವುದು ಕೆಲವು ಎಂಜಿನ್‌ಗಳಲ್ಲಿ ಚೈನು, ಕೆಲವದರಲ್ಲಿ ಹಲ್ಲುಗಳಿರುವ ರಬ್ಬರ್ ಬೆಲ್ಟು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಕಾರಿನಲ್ಲಿ ಬೆಲ್ಟನ್ನು ತಂದಿತು. 1966ರಲ್ಲಿ ಫಿಯಟ್ ತನ್ನ 124 ಸ್ಪೋರ್ಟ್ ಕಾರಿಗಾಗಿ ಔರೇಲಿಯೋ ಲಾಂಪ್ರೆದಿ ರೂಪಿಸಿದ ಎಂಜಿನ್ನನ್ನು ಹೊರತಂದಿತು. ಅದಕ್ಕೆ ಎರಡು ಕ್ಯಾಮ್, ಒಂದು ಬೆಲ್ಟು. (ನಮ್ಮ ಹಳೆಯ ಟ್ಯಾಕ್ಸಿ ಫಿಯಟ್ಟನ್ನು ನೆನೆಸಿಕೊಳ್ಳಬೇಡಿ, ಅದರ ಸಂಸಾರವೇ ಬೇರೆ.) 1987ರಿಂದ 1992ರವರೆಗೆ ಸತತ ಆರು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ತಯಾರಕರ ಪ್ರಶಸ್ತಿ ಗೆದ್ದ ಲಾನ್ಸಿಯಾ ಡೆಲ್ಟಾದಲ್ಲಿ ಇದ್ದದ್ದೂ ಇದೇ ವಂಶದ ಎಂಜಿನ್.

ಕಾರ್ಖಾನೆಯಿಂದ ಬಂದ ಪುಲ್ಲಿ ಹಟಮಾರಿ. ಅದಕ್ಕೆ 40 ಹಲ್ಲುಗಳಿವೆ ಎಂದಿಟ್ಟುಕೊಳ್ಳಿ. ಬೆಲ್ಟನ್ನು ಒಂದು ಹಲ್ಲು ಆಚೆ ಕೂರಿಸಿದರೆ ಕ್ಯಾಮ್ 9 ಡಿಗ್ರಿ ಸರಿಯುತ್ತದೆ, ಕ್ರ್ಯಾಂಕಿನ ಲೆಕ್ಕದಲ್ಲಿ 18. ನಡುವಿನದು ಅದಕ್ಕೆ ಗೊತ್ತಿಲ್ಲ. ಆದರೆ ವೇಗದ ಹುಚ್ಚಿರುವವರಿಗೆ ಬೇಕಾದದ್ದು ಆ ನಡುವಿನದೇ. ಹೆಡ್ಡಿನ ತಳವನ್ನು ಉಜ್ಜಿ ಸಮ ಮಾಡಿಸಿದರೆ, ನಮ್ಮ ಗ್ಯಾರೇಜಿನವರು ಹೆಡ್ ಫೇಸಿಂಗ್ ಎನ್ನುತ್ತಾರಲ್ಲ ಅದು, ಕ್ಯಾಮ್ ತುಸು ಕೆಳಗಿಳಿದು ಒಂದೆರಡು ಡಿಗ್ರಿ ಹಿಂದೆ ಬೀಳುತ್ತದೆ. ಸಾಮಾನ್ಯವಾಗಿ ಕ್ಯಾಮನ್ನು ಮುಂದಕ್ಕೆ ತಂದರೆ ಕಡಿಮೆ ವೇಗದಲ್ಲಿ ಎಳೆತ ಹೆಚ್ಚು, ಹಿಂದಕ್ಕೆ ಸರಿಸಿದರೆ ಮೇಲಿನ ವೇಗದಲ್ಲಿ ಶಕ್ತಿ ಹೆಚ್ಚು. ಅದಕ್ಕಾಗಿಯೇ ಹೊಂದಿಸಬಲ್ಲ ಪುಲ್ಲಿ. ಒಳಗೊಂದು ಗುಂಬ, ಹೊರಗೊಂದು ಹಲ್ಲಿನ ಬಳೆ, ನಡುವೆ ಬಾಗಿದ ಸೀಳುಗಳಲ್ಲಿ ನಾಲ್ಕಾರು ಬೋಲ್ಟು. ಬೋಲ್ಟು ಸಡಿಲಿಸಿ, ಬಳೆಯನ್ನು ಕೂದಲಿನಷ್ಟು ತಿರುಗಿಸಿ, ಮತ್ತೆ ಬಿಗಿ ಮಾಡಿದರಾಯಿತು. ಹಗುರವಾಗಿರಲೆಂದು ಇದನ್ನು ಹೆಚ್ಚಾಗಿ ಅಲ್ಯೂಮಿನಿಯಮ್ಮಿನಲ್ಲೇ ಮಾಡುತ್ತಾರೆ. ನೀಲಿ, ಕೆಂಪು, ನೇರಳೆ ಬಣ್ಣ ಬೇರೆ.

ಅಲ್ಯೂಮಿನಿಯಂ ಮೆದು. ಅದರ ಮೇಲ್ಮೈಯನ್ನು ಗಟ್ಟಿ ಮಾಡಲು ಆನೊಡೈಸಿಂಗ್ ಮಾಡುತ್ತಾರೆ. ಹಾಗೆ ಮೂಡುವ ತೆಳು ಪದರ ಅಲ್ಯೂಮಿನಿಯಂ ಆಕ್ಸೈಡ್. ಎಮರಿ ಪೇಪರಿನ ಕಾಳೂ ಮುಖ್ಯವಾಗಿ ಅದೇ ವಸ್ತು. ಪದರ ಅಖಂಡವಾಗಿರುವ ತನಕ ಅದು ಕವಚ. ಒಂದು ಕಡೆ ಬಿರಿದು ಪುಡಿಯಾಗತೊಡಗಿತೆಂದರೆ, ಆ ಪುಡಿಯೇ ಹಲ್ಲುಗಳ ನಡುವೆ ಸಿಕ್ಕಿ ಉಳಿದ ಲೋಹವನ್ನು ಉಜ್ಜುತ್ತದೆ. ಪುಲ್ಲಿ ಕಾಣಲಿ, ಪದೇ ಪದೇ ಹೊಂದಿಸಲು ಕೈಗೆ ಸಿಗಲಿ ಎಂದು ಬೆಲ್ಟಿನ ಮೇಲಿನ ಕವರ್ ತೆಗೆದಿಟ್ಟಿದ್ದರೆ ರಸ್ತೆಯ ಮಣ್ಣೂ ಜೊತೆ ಸೇರುತ್ತದೆ. ಎಂಜಿನ್ 6000 ಸುತ್ತಿನಲ್ಲಿದ್ದರೆ ಕ್ಯಾಮ್ ಸೆಕೆಂಡಿಗೆ 50 ಸಲ ತಿರುಗುತ್ತದೆ, ಗಂಟೆಗೆ 1,80,000 ಸಲ. ಇದರಲ್ಲಿ ಯಾವ ಸುತ್ತಿನಲ್ಲಿ ಪುಲ್ಲಿ ‘ಸವೆಯಿತು’? ಯಾವ ಸುತ್ತೂ ತಾನಲ್ಲ ಎನ್ನಬಹುದು, ಅದು ಸುಳ್ಳೂ ಅಲ್ಲ. ಇನ್ನೊಂದು ವಿಚಿತ್ರವೆಂದರೆ ಸವೆದ ಹಲ್ಲು ಫಳಫಳ ಹೊಳೆಯುತ್ತದೆ. ಬಣ್ಣ ಹೋಗಿ ಬೆಳ್ಳಿಯಂತಾಗಿರುತ್ತದೆ. ತಿಳಿಯದವರಿಗೆ ಅದು ಚೊಕ್ಕಟವಾಗಿ ಇಟ್ಟುಕೊಂಡ ಸಾಮಾನಿನಂತೆ ಕಾಣುತ್ತದೆ.

ಇಂಗ್ಲೆಂಡಿನಲ್ಲಿದ್ದ ಎರಡು ವರ್ಷ, ವಾರಾಂತ್ಯಗಳಲ್ಲಿ ಹಳೆಯ ಇಟಾಲಿಯನ್ ಕಾರುಗಳ ಒಂದು ಸಣ್ಣ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಕೇಳುತ್ತಿದ್ದ ದೂರು ಹೆಚ್ಚುಕಡಿಮೆ ಒಂದೇ: ‘ಬೆಲ್ಟು ಸರಿಯಿಲ್ಲ. ಹೋದ ವರ್ಷ ತಾನೇ ಹಾಕಿಸಿದ್ದು.’ ಬೆಲ್ಟಿನ ಹಲ್ಲುಗಳ ಬುಡ ತಿಂದುಹೋಗಿರುತ್ತಿತ್ತು. ಸವೆದ ಲೋಹದ ಹಲ್ಲಿನ ಆಕಾರ ಬದಲಾಗಿ, ರಬ್ಬರಿನ ಹಲ್ಲು ಅದರಲ್ಲಿ ಸರಿಯಾಗಿ ಕೂರದೆ ಪ್ರತಿ ಸುತ್ತಿಗೂ ಒರೆಸಿಕೊಂಡಿರುತ್ತಿತ್ತು. ಹೊಸ ಬೆಲ್ಟು ಹಾಕುತ್ತಾರೆ, ಅದೂ ಬೇಗ ಹೋಗುತ್ತದೆ. ಒಮ್ಮೆ ಅದು ತುಂಡಾದರೆ ಇಂಥ ಹಲವು ಎಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ, ಸಾವಿರಾರು ಪೌಂಡಿನ ಕೆಲಸ. ಆಗಲೂ ಬೈಗುಳ ಬೆಲ್ಟಿಗೇ. ಕಣ್ಣೆದುರು ಕಿತ್ತುಹೋದದ್ದು ಅದು. ಪುಲ್ಲಿ ತನ್ನ ಜಾಗದಲ್ಲಿ ಹೊಳೆಯುತ್ತ ಕೂತಿರುತ್ತದೆ, ಗುರುತು ಗುರುತಿಗೆ ಸರಿಯಾಗಿಯೇ ಇರುತ್ತದೆ.

ಗುರುತು ಸರಿಯಿರುವುದೇ ಇಲ್ಲಿ ದೊಡ್ಡ ತೊಡಕು. ಹೊಂದಿಸಬಲ್ಲ ಪುಲ್ಲಿಯಲ್ಲಿ ಸಮಯ ತಪ್ಪಿದರೆ ಬೋಲ್ಟು ಸಡಿಲಿಸಿ ಮತ್ತೆ ಸರಿಪಡಿಸಬಹುದು. ಎಂಜಿನ್ ಚೆನ್ನಾಗಿ ಓಡತೊಡಗುತ್ತದೆ. ಸವೆತ ಹಾಗೆಯೇ ಉಳಿಯುತ್ತದೆ. ಇನ್ನೂ ಒಂದಿದೆ. ಎಷ್ಟೋ ಸಲ ಬಿಗಿದ ಬೋಲ್ಟಿನ ತಲೆ ಮೆದು ಲೋಹದಲ್ಲಿ ತನ್ನ ಅಚ್ಚು ಒತ್ತಿರುತ್ತದೆ. ಆಮೇಲೆ ಅರ್ಧ ಡಿಗ್ರಿ ಸರಿಸಿ ಬಿಗಿ ಮಾಡಲು ಹೋದರೆ ಬೋಲ್ಟು ಮೆಲ್ಲಗೆ ಜಾರಿ ಹಳೆಯ ತಗ್ಗಿಗೇ ಇಳಿಯುತ್ತದೆ. ಬದಲಾಗಲೆಂದೇ ಮಾಡಿದ ವಸ್ತು, ಹೆಚ್ಚು ಬದಲಾಯಿಸಿದ್ದರಿಂದಲೇ ಬದಲಾಗದಂತಾಗಿರುತ್ತದೆ.

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದು ನಮ್ಮ ಬಸ್ಸಿನ ಸೀಟಿನಿಂದ ಮದುವೆಯವರೆಗೆ ಎಲ್ಲಕ್ಕೂ ಮದ್ದು. ಬಸ್ಸಿನ ಸೀಟಿಗೆ ನನ್ನ ಆಕ್ಷೇಪವಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ ಹಿರಿಯರೊಬ್ಬರಿದ್ದರು. ಗಡುವು ಎಷ್ಟೇ ಹತ್ತಿರವಿರಲಿ, ಜನ ಎಷ್ಟೇ ಕಡಿಮೆಯಿರಲಿ, ‘ಆಗಲ್ಲ ಸಾರ್’ ಎಂದವರಲ್ಲ. ‘ಇರ್ಲಿ ಬಿಡಿ, ಹೇಗೋ ಹೊಂದಿಸ್ತೀನಿ’ ಅನ್ನುತ್ತಿದ್ದರು. ಹೊಂದಿಸುತ್ತಲೂ ಇದ್ದರು. ಮೇಲಿನವರಿಗೆ ಗುರುತು ಗುರುತಿಗೆ ಸರಿಯಾಗಿ ಕಾಣುತ್ತಿತ್ತು. ಅವರ ಕೈಕೆಳಗೆ ಎರಡು ವರ್ಷದಲ್ಲಿ ಮೂವರು ಬಿಟ್ಟುಹೋದರು. ಒಬ್ಬ ಹುಡುಗಿಯಂತೂ ಮೀಟಿಂಗಿನ ನಡುವೆ ಎದ್ದು ಹೋದವಳು ಮರುದಿನ ಬರಲೇ ಇಲ್ಲ. ‘ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ’ ಎಂದು ಎಲ್ಲರೂ ಒಪ್ಪಿಕೊಂಡರು, ಹೊಸಬರನ್ನು ತಂದರು. ಹಿರಿಯರು ನಿವೃತ್ತರಾದ ದಿನ ಶಾಲು, ಹಾರ, ಭಾಷಣ. ಯಾವ ಹೋಲಿಕೆ ಬಂತೆಂದು ನೀವು ಊಹಿಸಬಲ್ಲಿರಿ.

ಅವರದು ತಪ್ಪೇ? ಪುಲ್ಲಿಗೆ ತನ್ನ ಹಲ್ಲು ಕಾಣುವುದಿಲ್ಲ, ತೆಗೆದು ನೋಡಬೇಕಾದದ್ದು ಕಾರಿನವನ ಕೆಲಸ ಎಂದು ಸಮಾಧಾನ ಹೇಳಬಹುದು. ಮುಕ್ಕಾಲು ಪಾಲು ನಾನೂ ಹಾಗೇ ಹೇಳುತ್ತೇನೆ. ಆದರೆ ಮನುಷ್ಯ ಪುಲ್ಲಿಯಲ್ಲ, ಅವನಿಗೆ ನೋವು ಗೊತ್ತಾಗುತ್ತದೆ, ಬಾಯಿಯೂ ಇದೆ. ತಾನು ಮೌನವಾಗಿ ನುಂಗಿದ ಅನ್ಯಾಯ ತನ್ನಲ್ಲೇ ನಿಲ್ಲುತ್ತದೆ ಎಂದು ನಂಬಿದವರನ್ನು ನಾನು ಬಹಳ ನೋಡಿದ್ದೇನೆ. ಅದು ನಿಲ್ಲುವುದಿಲ್ಲ. ಹೊಂದಿಕೊಂಡೇ ಬದುಕಿದ ಅತ್ತೆ ಸೊಸೆಗೆ ಹೊಂದಿಕೋ ಎನ್ನುವಾಗ ಅವಳ ದನಿಯಲ್ಲಿರುವ ಗರಗರ ಎಲ್ಲಿಂದ ಬಂದದ್ದು?

ಗಂಧದ ಕೊರಡನ್ನು ಯಾರೋ ಕೈಯಲ್ಲಿ ಹಿಡಿದಿರುತ್ತಾರೆ. ಅದು ಎಷ್ಟು ಮೋಟಾಯಿತೆಂದು ದಿನಾ ಬೆಳಗ್ಗೆ ಅವರಿಗೆ ಕಾಣುತ್ತದೆ. ತೇದದ್ದು ಸಾಣೆಕಲ್ಲಿನ ಮೇಲೆ ಉಳಿಯುತ್ತದೆ, ಬೆರಳಲ್ಲಿ ಬಳಿದುಕೊಳ್ಳಬಹುದು. ಕವರಿನ ಹಿಂದೆ, ಎಣ್ಣೆಯ ಕತ್ತಲಲ್ಲಿ, ಇನ್ನೊಂದರ ಹಲ್ಲು ತಿನ್ನುತ್ತ ಸವೆಯುವುದಕ್ಕೆ ಅದೇ ಹೆಸರು ಕೊಟ್ಟರೆ ಕೊರಡಿಗೂ ಅವಮಾನ.

ಆ ಗ್ಯಾರೇಜಿನ ಯಜಮಾನರಿಗೆ ಒಂದು ಪದ್ಧತಿಯಿತ್ತು. ಸವೆದ ಪುಲ್ಲಿಯನ್ನು ಬಿಚ್ಚಿದ ಕೂಡಲೇ ವೈಸಿಗೆ ಸಿಕ್ಕಿಸಿ ಹ್ಯಾಕ್ಸಾದಿಂದ ಹಲ್ಲಿನ ಬಳೆಯನ್ನು ಆಳವಾಗಿ ಕೊಯ್ದುಬಿಡುತ್ತಿದ್ದರು. ಆಮೇಲೆಯೇ ಗುಜರಿ ಡಬ್ಬ. ಒಮ್ಮೆ ಗಿರಾಕಿಯೊಬ್ಬ, ಕೆಂಪು ಬಣ್ಣ ಚೆನ್ನಾಗಿದೆ, ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ, ಕೊಯ್ಯಬೇಡಿ ಎಂದು ಕೇಳಿಕೊಂಡ. ‘ನೀನು ಇಟ್ಟುಕೊಳ್ಳುತ್ತೀಯ, ನಿನ್ನ ನಂತರದವನು ಮಾರುತ್ತಾನೆ’ ಎಂದವರೇ ಗರಗಸ ಎತ್ತಿಕೊಂಡರು. ಅರ್ಧ ಕೊಯ್ದ ಪುಲ್ಲಿಯನ್ನೇ ಅವನ ಕೈಗಿಟ್ಟರು. ಅವನು ಅದನ್ನು ಹಾಗೆಯೇ ಒಯ್ದ.