ತಾಟಸ್ಥ್ಯ, ತೈಲ ಮತ್ತು ಹೊಣೆ: ಎರಡನೆಯ ಮಹಾಯುದ್ಧದ ಇರಾನ್

ಯುದ್ಧದಲ್ಲಿ ಯಾವ ಪಕ್ಷವನ್ನೂ ವಹಿಸದೆ ಉಳಿಯುವುದು ಧರ್ಮವೋ, ಹೊಣೆಯಿಂದ ನುಣುಚಿಕೊಳ್ಳುವ ಉಪಾಯವೋ ಎಂಬ ಪ್ರಶ್ನೆಯನ್ನು ನೀತಿಚಿಂತನೆಯು ಸಾಮಾನ್ಯವಾಗಿ ವ್ಯಕ್ತಿಯ ಅಂತಃಕರಣವನ್ನು ಮುಂದಿಟ್ಟುಕೊಂಡು ಚರ್ಚಿಸುತ್ತ ಬಂದಿದೆ. ಮಹಾಭಾರತದ ಬಲರಾಮನು ಎರಡೂ ಕಡೆಯವರು ತನ್ನ ಬಂಧುಗಳೇ ಎಂಬ ಕಾರಣಕ್ಕೆ ಆಯುಧ ಹಿಡಿಯದೆ ಸರಸ್ವತೀ ತೀರದ ತೀರ್ಥಯಾತ್ರೆಗೆ ಹೊರಟುಹೋದುದು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಆದರೆ ದೇಶವೊಂದು ಹಾಗೆ ಎದ್ದು ಹೋಗಲಾರದು. ಅದರಲ್ಲಿಯೂ ಯುದ್ಧವನ್ನು ನಡೆಸುವ ಇಂಧನವೇ ಅದರ ನೆಲದಡಿಯಲ್ಲಿ ಇದ್ದಾಗ, ಪಕ್ಷ ವಹಿಸುವುದಿಲ್ಲವೆಂಬ ಅದರ ಘೋಷಣೆಗೆ ಎಷ್ಟು ಅರ್ಥ ಉಳಿಯುತ್ತದೆ, ಆ ಇಂಧನದಿಂದ ನಡೆದ ಹಿಂಸೆಯಲ್ಲಿ ಅದರ ಪಾಲು ಎಷ್ಟು ಎಂಬುದು ಬಲರಾಮನ ನಿದರ್ಶನದಿಂದ ಬಗೆಹರಿಯುವ ಪ್ರಶ್ನೆಯಲ್ಲ.

ಆಧುನಿಕ ಅಂತರರಾಷ್ಟ್ರೀಯ ಕಾನೂನು ಈ ಪ್ರಶ್ನೆಗೆ ಕೊಟ್ಟ ಉತ್ತರ ವ್ಯಾಪಾರಿಗೆ ಅನುಕೂಲವಾದದ್ದು. 1907ರ ಹೇಗ್ ಒಪ್ಪಂದಗಳ ಪ್ರಕಾರ ತಟಸ್ಥ ರಾಜ್ಯವು ತಾನಾಗಿ ಯುದ್ಧನಿರತ ಪಕ್ಷಗಳಿಗೆ ಯುದ್ಧನೌಕೆಯನ್ನಾಗಲಿ ಮದ್ದುಗುಂಡುಗಳನ್ನಾಗಲಿ ಒದಗಿಸಕೂಡದು. ಆದರೆ ತನ್ನ ನೆಲದ ಖಾಸಗಿ ವ್ಯಾಪಾರಿಗಳು ಸೈನ್ಯಕ್ಕೆ ಉಪಯುಕ್ತವಾದ ಸರಕನ್ನು ಹೊರಗೆ ಮಾರಿದರೆ ಅದನ್ನು ತಡೆಯಬೇಕಾದ ಹೊಣೆ ಅದಕ್ಕಿಲ್ಲ, ತಡೆಯುವುದಾದರೆ ಎರಡೂ ಪಕ್ಷಗಳಿಗೆ ಸಮನಾಗಿ ತಡೆಯಬೇಕು. 1909ರ ಲಂಡನ್ ಘೋಷಣೆಯು, ಅದು ಜಾರಿಗೆ ಬರಲಿಲ್ಲವಾದರೂ, ಇಂಧನವನ್ನು ಸಂದರ್ಭಾಧೀನ ನಿಷಿದ್ಧ ಸರಕುಗಳ ಪಟ್ಟಿಗೆ ಸೇರಿಸಿತು. ಎಂದರೆ ಶತ್ರುವಿನ ಸೈನ್ಯಕ್ಕೋ ಸರ್ಕಾರಕ್ಕೋ ಹೋಗುತ್ತಿದ್ದರೆ ಮಾತ್ರ ದಾರಿಯಲ್ಲಿ ವಶಪಡಿಸಿಕೊಳ್ಳಬಹುದಾದ ಸರಕು ಎಂದು ಪರಿಗಣಿಸಿತು. ರಾಜ್ಯ ಬೇರೆ, ವ್ಯಾಪಾರಿ ಬೇರೆ ಎಂಬ ವಿಂಗಡಣೆಯ ಮೇಲೆಯೇ ಈ ಇಡೀ ಕಟ್ಟಡ ನಿಂತಿದೆ.

ಭಾರತೀಯ ನೀತಿಚಿಂತನೆ ಇಷ್ಟು ಸುಲಭವಾಗಿ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಜೈನ ಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿ, ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಇನ್ನೊಬ್ಬರು ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸಿದ್ದು, ಈ ಮೂರರಲ್ಲಿಯೂ ಕರ್ಮಬಂಧವಿದೆಯೆಂದು ಹೇಳುತ್ತದೆ. ಬೌದ್ಧ ಪರಂಪರೆಯು ಗೃಹಸ್ಥನಿಗೆ ನಿಷೇಧಿಸಿದ ಐದು ವ್ಯಾಪಾರಗಳಲ್ಲಿ ಶಸ್ತ್ರ ಮತ್ತು ವಿಷಗಳೂ ಸೇರಿವೆ. ಆದರೆ ತೈಲವು ಶಸ್ತ್ರವೂ ಅಲ್ಲ, ವಿಷವೂ ಅಲ್ಲ. ಅದೇ ಬಾವಿಯಿಂದ ಬಂದ ಎಣ್ಣೆ ಬಡವರ ಮನೆಯ ದೀಪವನ್ನೂ ಉರಿಸುತ್ತದೆ, ಬಾಂಬು ಹೊತ್ತ ವಿಮಾನವನ್ನೂ ಹಾರಿಸುತ್ತದೆ. ಆದ್ದರಿಂದ ಇಲ್ಲಿ ಹೊಣೆಯನ್ನು ಸರಕಿನ ಸ್ವಭಾವದಲ್ಲಿ ಹುಡುಕದೆ, ಅದನ್ನು ಯಾರಿಗೆ, ಯಾವಾಗ, ಯಾತಕ್ಕೆ ಕೊಡಬೇಕೆಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತೆಂಬುದರಲ್ಲಿ ಹುಡುಕಬೇಕಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರವು ಈ ಅಧಿಕಾರದ ಮಾತನ್ನು ಮೊದಲೇ ಎತ್ತಿದೆ. ಕಾದಾಡುವ ಇಬ್ಬರು ರಾಜರಿಗೂ ನೆರೆಯವನಾಗಿದ್ದು, ಅವರಿಬ್ಬರಿಗೂ ನೆರವಾಗಬಲ್ಲ, ಅವರು ಬೇರೆಬೇರೆಯಾಗಿದ್ದಾಗ ಇಬ್ಬರನ್ನೂ ಹತ್ತಿಕ್ಕಬಲ್ಲ ರಾಜನನ್ನು ಅದು ಮಧ್ಯಮನೆಂದೂ, ಇವರೆಲ್ಲರಿಂದ ದೂರವಿದ್ದು ಇವರೆಲ್ಲರಿಗಿಂತ ಬಲಿಷ್ಠನಾದವನನ್ನು ಉದಾಸೀನನೆಂದೂ ಕರೆಯುತ್ತದೆ. ಎರಡು ಲಕ್ಷಣಗಳಲ್ಲಿಯೂ ಬಲದ ಮಾತು ಬಂದಿರುವುದು ಗಮನಾರ್ಹ. ಬಲವಿಲ್ಲದವನು ಸುಮ್ಮನಿದ್ದರೆ ಅದು ನೀತಿಯಲ್ಲ, ಸ್ಥಿತಿ. 1941ರ ಇರಾನ್ ಬ್ರಿಟಿಷರ ಇರಾಕಿಗೂ ಸೋವಿಯತ್ ಒಕ್ಕೂಟಕ್ಕೂ ನಡುವೆ ನೆರೆಯಾಗಿದ್ದು ಮಧ್ಯಮನ ಜಾಗದಲ್ಲಿ ಕುಳಿತಿತ್ತು, ಮಧ್ಯಮನ ಶಕ್ತಿ ಮಾತ್ರ ಅದಕ್ಕೆ ಇರಲಿಲ್ಲ.

ಆ ಶಕ್ತಿ ಕೈತಪ್ಪಿದ್ದು ಯುದ್ಧಕ್ಕೆ ಬಹಳ ಮುಂಚೆ. 1901ರಲ್ಲಿ ಇರಾನ್ ಬ್ರಿಟಿಷ್ ಉದ್ಯಮಿ ವಿಲಿಯಂ ನಾಕ್ಸ್ ಡಾರ್ಸಿಗೆ ಕೊಟ್ಟ ಗುತ್ತಿಗೆಯ ಆಧಾರದ ಮೇಲೆ 1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ತೈಲ ಸಿಕ್ಕಿತು. 1914ರಲ್ಲಿ ಬ್ರಿಟಿಷ್ ಸರ್ಕಾರವು ತನ್ನ ನೌಕಾಪಡೆಗೆ ಇಂಧನ ಖಚಿತಪಡಿಸಿಕೊಳ್ಳಲೆಂದು ಆ ತೈಲವನ್ನು ತೆಗೆಯುತ್ತಿದ್ದ ಕಂಪನಿಯ ಬಹುಪಾಲು ಷೇರುಗಳನ್ನು ತಾನೇ ಕೊಂಡಿತು. ಅಂದಿನಿಂದ ಹೇಗ್ ಕಾನೂನಿನ ವಿಂಗಡಣೆ ಇಲ್ಲಿ ಬುಡಮೇಲಾಯಿತು: ತೈಲ ಮಾರುವ ವ್ಯಾಪಾರಿಯೇ ಯುದ್ಧನಿರತ ರಾಜ್ಯವಾಗಿತ್ತು, ನೆಲದ ಒಡೆಯನೆನಿಸಿಕೊಂಡ ರಾಜ್ಯ ಪಾಲಿನ ಹಣ ಎಣಿಸಿಕೊಳ್ಳುವ ಹೊರಗಿನವನಾಗಿತ್ತು. ಇರಾನಿನ ದೊರೆ ರೆಜಾ ಷಾ 1933ರಲ್ಲಿ ಗುತ್ತಿಗೆಯನ್ನು ಪರಿಷ್ಕರಿಸಿದರೂ ಅದರ ಅವಧಿಯನ್ನು 60 ವರ್ಷಕ್ಕೆ ಒಪ್ಪಿಕೊಂಡು ಈ ಸಂಬಂಧವನ್ನು ಗಟ್ಟಿಮಾಡಿದಂತಾಯಿತು. 1939ರ ಸೆಪ್ಟೆಂಬರಿನಲ್ಲಿ ಟೆಹರಾನ್ ತಾನು ತಟಸ್ಥವೆಂದು ಘೋಷಿಸಿದಾಗ, ಅಬಾದಾನ್‌ನ ಬೃಹತ್ ಶುದ್ಧೀಕರಣ ಕಾರ್ಖಾನೆಯಿಂದ ಹೊರಟ ಎಣ್ಣೆ ಎಂದಿನಂತೆ ಬ್ರಿಟಿಷ್ ಹಡಗುಗಳಿಗೇ ಹೋಗುತ್ತಿತ್ತು. ದೇಶ ತಟಸ್ಥವಾಗಿತ್ತು, ಅದರ ತೈಲ ಎಂದೂ ತಟಸ್ಥವಾಗಿರಲಿಲ್ಲ.

1941ರ ಜೂನಿನಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದ ಮೇಲೆ ಈ ಅರೆ ತಾಟಸ್ಥ್ಯವೂ ಉಳಿಯಲಿಲ್ಲ. ಇರಾನಿನಲ್ಲಿದ್ದ ಜರ್ಮನ್ ತಂತ್ರಜ್ಞರನ್ನು ಹೊರಹಾಕಬೇಕೆಂಬ ಬೇಡಿಕೆ ನೆಪವಾಗಿ, ಆಗಸ್ಟ್ 25ರ ನಸುಕಿನಲ್ಲಿ ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಷರೂ ಉತ್ತರದಿಂದ ಸೋವಿಯತ್ ಸೇನೆಯೂ ಒಳನುಗ್ಗಿದವು. ಅಬಾದಾನ್ ಬಂದರಿನಲ್ಲಿ ನಿಂತಿದ್ದ ಇರಾನಿ ಯುದ್ಧನೌಕೆ ಪಲಂಗ್ ಬ್ರಿಟಿಷ್ ಗುಂಡಿಗೆ ಮುಳುಗಿತು; ನೌಕಾಪಡೆಯ ಮುಖ್ಯಸ್ಥ ಘುಲಾಮಲಿ ಬಾಯಂದೊರ್ ಅಂದೇ ಖುರ್ರಮ್‌ಶಹರ್ ಬಳಿ ಹತನಾದನು. ಶತ್ತಲ್ ಅರಬ್ ನದಿಯನ್ನು ದಾಟಿ ಕಾರ್ಖಾನೆಯನ್ನು ವಶಪಡಿಸಿಕೊಂಡವರು ಭಾರತೀಯ ಸೇನೆಯ 8ನೇ ಡಿವಿಜನ್ನಿನ ಸಿಪಾಯಿಗಳು. ಅವರ ದೇಶವನ್ನೂ ಎರಡು ವರ್ಷಗಳ ಹಿಂದೆ ವೈಸರಾಯ್ ಲಿನ್‌ಲಿತ್‌ಗೋ ಯಾವ ಜನಪ್ರತಿನಿಧಿಯನ್ನೂ ಕೇಳದೆ ಯುದ್ಧಕ್ಕೆ ಎಳೆದಿದ್ದನೆಂಬುದನ್ನು ಇಲ್ಲಿ ನೆನೆಯಲೇಬೇಕು: ಪಕ್ಷ ಆರಿಸಿಕೊಳ್ಳುವ ಹಕ್ಕಿಲ್ಲದವರು, ಪಕ್ಷ ವಹಿಸದಿರುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದವರ ಮೇಲೆ ಬಂದೂಕು ಎತ್ತಿದ್ದರು.

ನಾಜಿಗಳ ವಿರುದ್ಧದ ಯುದ್ಧ ನ್ಯಾಯವಾದದ್ದಾಗಿತ್ತು, ಸೋವಿಯತ್ ಸೇನೆಗೆ ಸರಬರಾಜು ಮುಟ್ಟದಿದ್ದರೆ ಯೂರೋಪಿನ ಗತಿ ಬೇರೆಯಾಗಬಹುದಿತ್ತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಇರಾನನ್ನು ಹಾದುಹೋಗುವ ಪಾರಸಿಕ ಮಾರ್ಗವಾಗಿ 40 ಲಕ್ಷ ಟನ್ನಿಗೂ ಮಿಕ್ಕಿದ ಅಮೆರಿಕನ್ ಸಾಮಗ್ರಿ ಉತ್ತರಕ್ಕೆ ಹೋಯಿತು. ಆದರೆ ಉದ್ದೇಶದ ನ್ಯಾಯವು ತಟಸ್ಥನಿಗಾದ ಅನ್ಯಾಯವನ್ನು ಅಳಿಸುವುದಿಲ್ಲ, ಅದನ್ನು ಮರುಪಾವತಿ ಮಾಡಬೇಕಾದ ಸಾಲವನ್ನಾಗಿ ಉಳಿಸುತ್ತದೆ. ಆ ಸಾಮಗ್ರಿಯನ್ನು ಹೊತ್ತ ಟ್ರಾನ್ಸ್-ಇರಾನಿಯನ್ ರೈಲುಮಾರ್ಗವನ್ನು 1938ರಲ್ಲಿ ಪೂರ್ಣಗೊಳಿಸಿದ್ದು ವಿದೇಶಿ ಸಾಲದಿಂದಲ್ಲ, ಚಹಾ ಮತ್ತು ಸಕ್ಕರೆಯ ಮೇಲೆ ಹಾಕಿದ ತೆರಿಗೆಯಿಂದ. ಹಳ್ಳಿಯ ಕೂಲಿಯೂ ತನ್ನ ಒಂದೊಂದು ಲೋಟ ಚಹಾದಲ್ಲಿ ಆ ಹಳಿಗಳಿಗೆ ಹಣ ಕೊಟ್ಟಿದ್ದನು. ರೈಲುಗಳೂ ಲಾರಿಗಳೂ ಯುದ್ಧದ ಸಾಗಣೆಗೆ ಮೀಸಲಾದಾಗ ಧಾನ್ಯ ಸಾಗಿಸಲು ವಾಹನ ಉಳಿಯಲಿಲ್ಲ. ಬೆಳೆ ಕೈಕೊಟ್ಟು, ದಾಸ್ತಾನುಗಾರರು ಬೆಲೆ ಏರಿಸಿ, 1942ರ ಡಿಸೆಂಬರಿನಲ್ಲಿ ಟೆಹರಾನಿನ ಜನ ರೊಟ್ಟಿಗಾಗಿ ಸಂಸತ್ತಿನ ಮುಂದೆ ದಂಗೆಯೆದ್ದರು. ಅದೇ ವರ್ಷ ಸೋವಿಯತ್ ಶಿಬಿರಗಳಿಂದ ಬಿಡುಗಡೆಯಾಗಿ ಬಂದ ಒಂದು ಲಕ್ಷಕ್ಕೂ ಹೆಚ್ಚು ಪೋಲಿಷ್ ಸೈನಿಕರಿಗೂ ನಿರಾಶ್ರಿತರಿಗೂ ಈ ಹಸಿದ ದೇಶ ಜಾಗ ಕೊಟ್ಟಿತು.

ತೈಲದ ಕೀಲಿ ತನ್ನ ಕೈಯಲ್ಲೇ ಇದ್ದ ತಟಸ್ಥ ದೇಶದ ಹೊಣೆ ಬೇರೆ ಬಗೆಯದು. 1938ರ ಮಾರ್ಚ್ 18ರಂದು ಮೆಕ್ಸಿಕೋದ ಅಧ್ಯಕ್ಷ ಲಾಸಾರೋ ಕಾರ್ದೆನಾಸ್ ವಿದೇಶಿ ತೈಲ ಕಂಪನಿಗಳನ್ನು ರಾಷ್ಟ್ರೀಕರಿಸಿದಾಗ, ಆ ಕಂಪನಿಗಳು ಬಹಿಷ್ಕಾರ ಹೂಡಿ ಮಾರುಕಟ್ಟೆಯನ್ನು ಮುಚ್ಚಿದವು. ಫ್ಯಾಸಿಸಂ ಅನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದ, ಸ್ಪೇನಿನ ಗಣರಾಜ್ಯವಾದಿಗಳಿಗೆ ಆಶ್ರಯ ಕೊಟ್ಟ ಆ ಸರ್ಕಾರವೇ ಯುದ್ಧಕ್ಕೆ ಮುಂಚಿನ ತಿಂಗಳುಗಳಲ್ಲಿ ಜರ್ಮನಿಗೂ ಇಟಲಿಗೂ ತೈಲ ಮಾರಿತು. ಇಲ್ಲಿ ಮಾರುವ ನಿರ್ಧಾರ ಮೆಕ್ಸಿಕೋದ್ದೇ ಆದುದರಿಂದ ಹೊಣೆಯೂ ಅದರದೇ. ಬೇರೆ ದಾರಿಗಳನ್ನೆಲ್ಲ ಮುಚ್ಚಿ ಅತ್ತ ತಳ್ಳಿದವರು ಆ ಹೊಣೆಯಲ್ಲಿ ಪಾಲುದಾರರು, ಕಾರಿತವೆಂಬ ಮಾತು ಅವರಿಗೂ ಅನ್ವಯಿಸುತ್ತದೆ. ಅಬಾದಾನ್‌ನ ಎಣ್ಣೆಯ ಬಗ್ಗೆ ಇರಾನಿನ ರೈತನನ್ನಾಗಲಿ ಅವನ ಸರ್ಕಾರವನ್ನಾಗಲಿ ಹೀಗೆ ಹೊಣೆ ಹಿಡಿಯಲು ಸಾಧ್ಯವಿಲ್ಲ, ಏಕೆಂದರೆ ಕೊಡುವುದಿಲ್ಲವೆನ್ನುವ ಶಕ್ತಿಯಿಲ್ಲದವನ ಕೊಡುಗೆಗೆ ಅನುಮೋದನೆಯ ಲಕ್ಷಣವೇ ಇಲ್ಲ.

1941ರ ಆಕ್ರಮಣದ ನಂತರ ಇರಾನಿನ ಪ್ರಧಾನಿಯಾದ ಮೊಹಮ್ಮದ್ ಅಲಿ ಫೊರೂಘಿ ಐರೋಪ್ಯ ತತ್ತ್ವಶಾಸ್ತ್ರದ ಇತಿಹಾಸವನ್ನು ಪಾರಸಿಕ ಭಾಷೆಯಲ್ಲಿ ಬರೆದ ವಿದ್ವಾಂಸನಾಗಿದ್ದನು. ರೆಜಾ ಷಾ ಸೆಪ್ಟೆಂಬರ್ 16ರಂದು ಸಿಂಹಾಸನ ಬಿಟ್ಟ ಮೇಲೆ, 1942ರ ಜನವರಿ 29ರಂದು ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳೊಡನೆ ಆದ ತ್ರಿಪಕ್ಷ ಒಪ್ಪಂದದಲ್ಲಿ, ವಿದೇಶಿ ಸೇನೆಯ ಇರುವಿಕೆ ಆಕ್ರಮಿತ ಸ್ಥಿತಿಯಲ್ಲವೆಂದೂ, ಯುದ್ಧ ಮುಗಿದ ಆರು ತಿಂಗಳೊಳಗೆ ಅದು ಹೊರಡಬೇಕೆಂದೂ, ಇರಾನಿ ಸೈನಿಕರ ನೆರವು ದೇಶದೊಳಗಿನ ಭದ್ರತೆಗಷ್ಟೇ ಸೀಮಿತವೆಂದೂ ಬರೆಸಿಕೊಳ್ಳುವುದು ಫೊರೂಘಿಗೆ ಸಾಧ್ಯವಾಯಿತು. ಮೊದಲನೆಯ ಮಾತು ಕಾಗದದ ಸಾಂತ್ವನವಾಗಿತ್ತು. ಕೊನೆಯದು ಹಾಗಲ್ಲ. ನೆಲ, ರೈಲು, ತೈಲ ಎಲ್ಲವೂ ಹೋದರೂ ಇನ್ನೊಬ್ಬರ ಯುದ್ಧದಲ್ಲಿ ಕೊಲ್ಲಲು ತನ್ನ ಮಕ್ಕಳನ್ನು ಕಳಿಸಬೇಕಾಗಿಲ್ಲವೆಂಬ ನಿಯಮದಲ್ಲಿ ತಾಟಸ್ಥ್ಯದ ತಿರುಳು ಉಳಿದಿತ್ತು, ಮತ್ತು 1943ರ ಸೆಪ್ಟೆಂಬರಿನಲ್ಲಿ ಇರಾನ್ ಜರ್ಮನಿಯ ಮೇಲೆ ಔಪಚಾರಿಕವಾಗಿ ಯುದ್ಧ ಸಾರಿದ ನಂತರವೂ ಅದು ಉಳಿಯಿತು.

ತೈಲದ ವಿಷಯದಲ್ಲಿ ತಾಟಸ್ಥ್ಯ ಹೇಗಿರಬೇಕೆಂಬ ವಿಚಾರವನ್ನು ಮುಂದಕ್ಕೆ ಒಯ್ದವನು ಇರಾನಿನ ಸಂಸತ್ತಿನ ಸದಸ್ಯನಾಗಿದ್ದ ಮೊಹಮ್ಮದ್ ಮೊಸದ್ದೆಘ್. ಉತ್ತರದ ತೈಲಕ್ಕಾಗಿ ಸೋವಿಯತ್ ಒಕ್ಕೂಟವು ಒತ್ತಾಯ ಮಾಡುತ್ತಿದ್ದಾಗ, ದಕ್ಷಿಣದಲ್ಲಿ ಒಬ್ಬರಿಗೆ ಕೊಟ್ಟಿರುವುದರಿಂದ ಉತ್ತರದಲ್ಲಿ ಇನ್ನೊಬ್ಬರಿಗೂ ಕೊಟ್ಟು ಸರಿದೂಗಿಸಬೇಕೆಂಬ ವಾದವನ್ನು ಅವನು ನಿರಾಕರಿಸಿ, ಯಾರಿಗೂ ಕೊಡದಿರುವುದರಿಂದಲೇ ಸಮತೋಲ ಸಾಧಿಸಬೇಕೆಂಬ ನೀತಿಯನ್ನು ಮುಂದಿಟ್ಟನು; ಇದು ಋಣಾತ್ಮಕ ಸಮತೋಲವೆಂದು ಹೆಸರಾಯಿತು. ವಿದೇಶಿ ಸೇನೆಗಳು ದೇಶದೊಳಗೆ ಇರುವಾಗಲೇ, 1944ರ ಡಿಸೆಂಬರಿನಲ್ಲಿ, ಮಂತ್ರಿಗಳು ಹೊರಗಿನವರೊಡನೆ ತೈಲ ಗುತ್ತಿಗೆಯ ಮಾತುಕತೆ ನಡೆಸುವುದನ್ನೇ ಅಪರಾಧವಾಗಿಸುವ ಅವನ ಮಸೂದೆಯನ್ನು ಸಂಸತ್ತು ಅಂಗೀಕರಿಸಿತು. ಹಾಗಾದರೆ ದಕ್ಷಿಣದ ಹಳೆಯ ಗುತ್ತಿಗೆಯನ್ನೂ ರದ್ದುಮಾಡಬೇಕೆಂದು ಸದಸ್ಯನೊಬ್ಬನು ಕೇಳಿದಾಗ, ಒಪ್ಪಂದವೊಂದನ್ನು ಏಕಪಕ್ಷೀಯವಾಗಿ ಮುರಿಯಲು ಮೊಸದ್ದೆಘ್ ಆಗ ಒಪ್ಪಲಿಲ್ಲ. ಅಬಾದಾನ್‌ನ ಎಣ್ಣೆ ಯುದ್ಧ ಮುಗಿಯುವವರೆಗೂ ಮೊದಲಿನ ಹಡಗುಗಳಿಗೇ ಹೋಯಿತು, ಅದರ ಕೀಲಿಯ ಮಾತು 1951ರ ರಾಷ್ಟ್ರೀಕರಣದವರೆಗೆ ಕಾಯಬೇಕಾಯಿತು.